ಪದ ಬೇಕು, ನಾಳೆ ಸಂಜೆಯೊಳಗೆ: ಲೇಹ್‌ನ ಓಟ, ಕಬ್ಬಿಣದ ಮಾತ್ರೆ ಮತ್ತು ‘ಹೈಪಾಕ್ಸಿಯಾ’

ಅನುವಾದಕಿ, ಮೈಸೂರು (ಸೋಮವಾರ ಬೆಳಗ್ಗೆ)

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್‌ನಲ್ಲಿ ಲೇಹ್‌ನಲ್ಲಿ ನಡೆಯುವ ಲಡಾಖ್ ಮ್ಯಾರಥಾನ್‌ಗೆ ನಮ್ಮೂರಿನಿಂದ ಒಂದು ತಂಡ ಹೊರಟಿದೆ. ಅವರಿಗಾಗಿ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಮೂರನೆಯ ಪುಟದ ತಲೆಬರಹ ಕೂರುತ್ತಿಲ್ಲ. ಎತ್ತರದ ಜಾಗದಲ್ಲಿ ಆಮ್ಲಜನಕ ಸಾಲದೆ ಇರುವಾಗ, ಕಬ್ಬಿಣದ ಮಾತ್ರೆಯಿಂದ ಓಟಗಾರರಿಗೆ ಅನುಕೂಲವಿದೆಯೇ ಎಂಬುದು ಆ ಪುಟದ ವಿಷಯ. ನಾನು ಬರೆದುಕೊಂಡಿರುವುದು ಹೀಗೆ: ‘ಆಮ್ಲಜನಕದ ಕೊರತೆಯಲ್ಲಿ ಕಬ್ಬಿಣಾಂಶ ಪೂರಕಗಳು ಮತ್ತು ವ್ಯಾಯಾಮ ಪ್ರದರ್ಶನ’.

‘ವ್ಯಾಯಾಮ ಪ್ರದರ್ಶನ’ ಎಂದರೆ ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಸಾಲಾಗಿ ನಿಂತು ಕವಾಯತು ಮಾಡುವುದು ಕಣ್ಣಿಗೆ ಬರುತ್ತದೆ. ‘ಪೂರಕ’ ಎಂದೊಡನೆ ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರ ನೆನಪಾಗುತ್ತದೆ. ಆಮ್ಲಜನಕ ಸಾಲದ ಈ ಸ್ಥಿತಿಗೆ, ಅಂದರೆ ‘ಹೈಪಾಕ್ಸಿಯಾ’ಕ್ಕೆ, ಒಂದೇ ಪದವಿದ್ದರೆ ತಿಳಿಸಿ. ಓದುವವರಲ್ಲಿ ಬಸ್ ಚಾಲಕರಿದ್ದಾರೆ, ಪೊಲೀಸರಿದ್ದಾರೆ, ಕಾಲೇಜಿನ ಇಬ್ಬರು ಹುಡುಗಿಯರಿದ್ದಾರೆ. ಅವರು ಎಡವದೆ ಓದುವಂತಿರಬೇಕು.

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

‘ಅಲ್ಪಾಮ್ಲಜನಕತೆ’. ಒಂದೇ ಪದ, ಸಂಧಿಯೂ ಶುದ್ಧ.

ನನಗೆ ನೋವಾದದ್ದು ‘ಕಬ್ಬಿಣಾಂಶ’ ನೋಡಿ. ‘ಕಬ್ಬಿಣ’ ಅಚ್ಚಗನ್ನಡ. ‘ಕರಿದು’ ಮತ್ತು ‘ಪೊನ್’ ಸೇರಿ ಕರ್ಬೊನ್, ಕರ್ಬುನ, ಕಬ್ಬುನ, ಕಬ್ಬಿಣ ಎಂದಾಯಿತು. ಪೊನ್ ಎಂದರೆ ಚಿನ್ನ ಮಾತ್ರವಲ್ಲ, ಲೋಹವೂ ಹೌದು. ತಮಿಳಿನ ‘ಐಂಪೊನ್’ ಐದು ಲೋಹಗಳ ಎರಕ. ನಮ್ಮ ಹಿರಿಯರು ಕಪ್ಪು ಲೋಹವೊಂದನ್ನು ಕಂಡು ತಾವೇ ಇಟ್ಟ ಹೆಸರಿದು. ಅದಕ್ಕೆ ಸಂಸ್ಕೃತದ ‘ಅಂಶ’ವನ್ನು ಸವರ್ಣದೀರ್ಘದಿಂದ ಅಂಟಿಸಿದರೆ ತಪ್ಪು ಎರಡು ಬಗೆಯದು. ಮೊದಲನೆಯದಾಗಿ ಅರಿಸಮಾಸ, ಅಂದರೆ ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಕೂಡದ ಜೋಡಣೆ. ಎರಡನೆಯದಾಗಿ, ಕನ್ನಡ ಪದದ ಮೇಲೆ ಸಂಸ್ಕೃತ ಸಂಧಿಯ ಹೇರಿಕೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಇದನ್ನು ಬಿರುದುಗಳಲ್ಲೂ ಹಿಂದಿನ ಪ್ರಯೋಗಗಳಲ್ಲೂ ಮಾತ್ರ ಒಪ್ಪಿದ. ‘ನೀರಿನಂಶ’, ‘ಕೊಬ್ಬಿನಂಶ’ ಎನ್ನುತ್ತೇವಲ್ಲ, ಹಾಗೆಯೇ ‘ಕಬ್ಬಿಣದಂಶ’ ಎನ್ನಿ.

ತಂತ್ರಾಂಶ ಉದ್ಯೋಗಿ, ಬೆಂಗಳೂರು

ಗುರುಗಳೇ, ಕಬ್ಬಿಣಕ್ಕೆ ಇಷ್ಟು ಕಾಳಜಿ ತೋರಿದವರು ಬಸ್ ಚಾಲಕನ ಕೈಗೆ ‘ಅಲ್ಪಾಮ್ಲಜನಕತೆ’ಯನ್ನು ಹೇಗೆ ಕೊಟ್ಟಿರಿ? ಅದನ್ನು ಒಂದೇ ಉಸಿರಿನಲ್ಲಿ ಹೇಳಲು ಲೇಹ್‌ನಲ್ಲಿ ಸಾಧ್ಯವಿಲ್ಲ, ಮೈಸೂರಿನಲ್ಲೂ ಕಷ್ಟ.

‘ಆಮ್ಲಜನಕ’ವೇ ಹುಟ್ಟಿನಿಂದ ತಪ್ಪು ಪದ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆ ಎಂದು 18ನೆಯ ಶತಮಾನದಲ್ಲಿ ಲವಾಸಿಯೆ ನಂಬಿದ್ದ, ಅದರಂತೆ ಹೆಸರಿಟ್ಟ. 19ನೆಯ ಶತಮಾನದ ಆರಂಭದಲ್ಲೇ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಎಂದು ತೋರಿಸಿದ. ಯೂರೋಪಿನ ತಪ್ಪನ್ನು ನಾವು ಸಂಸ್ಕೃತಕ್ಕೆ ತಿರುಗಿಸಿ ಪಠ್ಯಪುಸ್ತಕಕ್ಕೆ ಹಾಕಿಕೊಂಡೆವು. ತಮಿಳರು ‘ಉಯಿರ್‌ವಳಿ’ ಎಂದು ತಮ್ಮ ಪದ ಕಟ್ಟಿಕೊಂಡರು. ನಮಗೆ ‘ಉಸಿರುಗಾಳಿ’ ಇದೆ. ಹೈಪಾಕ್ಸಿಯಾ ಎಂದರೆ ‘ಉಸಿರುಗಾಳಿ ಕೊರೆ’. ಎಲ್ಲವೂ ನಮ್ಮದೇ ಬೇರು.

ಓದುಗ, ಉಡುಪಿ

‘ಉಸಿರುಗಾಳಿ’ ಎಂದರೆ ಒಳಗೆ ಎಳೆದುಕೊಂಡದ್ದೋ, ಹೊರಗೆ ಬಿಟ್ಟದ್ದೋ? ಎರಡೂ ಉಸಿರೇ. ಒಪ್ಪಲಾಗದು.

‘ಪ್ರಾಣವಾಯು’ ಇರುವಾಗ ಹೊಸದು ಯಾಕೆ?

ತಂತ್ರಾಂಶ ಉದ್ಯೋಗಿ, ಬೆಂಗಳೂರು

ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ದೇಹದೊಳಗಿನ ಐದು ವಾಯುಗಳಲ್ಲಿ ಅದೊಂದು. ಅನಿಲದ ಹೆಸರಲ್ಲ. ಮುಂದಿನದು ಹೇಳಿ.

ವೈದ್ಯೆ, ಶಿವಮೊಗ್ಗ

ಮೈಸೂರಿನ ಗೆಳತಿ ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಲವಾಸಿಯೆಯ ತಪ್ಪಿಗಿಂತ ದೊಡ್ಡ ತಪ್ಪು ಆ ತಲೆಬರಹದಲ್ಲೇ ಇದೆ. ಯಾರೂ ಅದನ್ನು ಮುಟ್ಟಿಲ್ಲ.

‘ಕೊರತೆ’ ಎಂಬ ಪದ ನೋಡಿ. ನನ್ನ ಕೋಣೆಗೆ ಬರುವವರಿಗೆ ‘ಕೊರತೆ’ ಎಂದರೆ ರಕ್ತದಲ್ಲಿ ಏನೋ ಕಡಿಮೆಯಾಗಿದೆ, ಮಾತ್ರೆ ತೆಗೆದುಕೊಂಡರೆ ತುಂಬುತ್ತದೆ ಎಂದು. ವರ್ಷಗಟ್ಟಲೆ ಗೋಡೆ ಬರಹಗಳಲ್ಲಿ ‘ಕಬ್ಬಿಣಾಂಶದ ಕೊರತೆ’ ಓದಿ ಬಂದ ಅರ್ಥವಿದು. ಅದೇ ಸಾಲಿನಲ್ಲಿ ‘ಆಮ್ಲಜನಕದ ಕೊರತೆ’ ಮತ್ತು ‘ಕಬ್ಬಿಣಾಂಶ’ ಎರಡನ್ನೂ ಇಟ್ಟರೆ, ಬೆಟ್ಟದ ಮೇಲೆ ಉಸಿರು ಕಟ್ಟಿದಾಗ ಕಬ್ಬಿಣದ ಮಾತ್ರೆ ನುಂಗಿದರಾಯಿತು ಎಂದೇ ಓದುಗ ತಿಳಿಯುತ್ತಾನೆ. ತಲೆನೋವು, ವಾಂತಿ ಶುರುವಾದವನು ಮಾತ್ರೆ ನುಂಗಿ ಇನ್ನೂ ಮೇಲಕ್ಕೆ ನಡೆದರೆ ಪ್ರಾಣಕ್ಕೇ ಅಪಾಯ. ಅವನು ಹತ್ತುವುದನ್ನು ನಿಲ್ಲಿಸಬೇಕು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು.

ಕೊರತೆ ಗಾಳಿಯ ಪಾಲಿನಲ್ಲೂ ಇಲ್ಲ. ಮಂಗಳೂರಿನ ಕಡಲತೀರದಲ್ಲಾಗಲಿ ಲೇಹ್‌ನಲ್ಲಾಗಲಿ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರ ಹತ್ತಿರವೇ. ಬದಲಾಗುವುದು ಒತ್ತಡ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. 5,500 ಮೀಟರ್‌ನಲ್ಲಿ ಅರ್ಧ. ಗಾಳಿ ವಿರಳವಾಗುತ್ತದೆ, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಹಾಗಾಗಿ ‘ವಿರಳ ಗಾಳಿ’ ಎನ್ನಿ. ‘ತೆಳುಗಾಳಿ’ ಎಂದು ಬರೆಯಲು ಹೊರಟಿದ್ದೆ; ಓದುವವರು ತಂಗಾಳಿಯಂಥದ್ದು ಎಂದುಕೊಂಡಾರು ಎಂದು ಕೈಬಿಟ್ಟೆ.

ಕಬ್ಬಿಣ ಎಲ್ಲಿ ಬರುತ್ತದೆ? ವಿರಳ ಗಾಳಿಗೆ ಹೋದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಹೆಚ್ಚು ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಮಜ್ಜೆಗೆ ಅದು ಕೊಡುವ ಸೂಚನೆ. ಒಂದೊಂದು ಹಿಮೋಗ್ಲೋಬಿನ್ ಅಣುವಿಗೂ ನಾಲ್ಕು ಕಬ್ಬಿಣದ ಪರಮಾಣು ಬೇಕು. ದಾಸ್ತಾನು ಇದ್ದವರಲ್ಲಿ ಕೆಲಸ ಸಾಗುತ್ತದೆ, ಬರಿದಾಗಿದ್ದವರಲ್ಲಿ ನಿಲ್ಲುತ್ತದೆ. ಅದೂ ವಾರಗಳ ಕೆಲಸ, ಹಿಂದಿನ ರಾತ್ರಿಯ ಮಾತ್ರೆಯಿಂದ ಆಗುವುದಲ್ಲ. ದೇಹದಲ್ಲಿ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ ಅಷ್ಟೆ, ಹೆಚ್ಚಾದದ್ದನ್ನು ಬೇಕೆಂದಾಗ ಹೊರಹಾಕುವ ದಾರಿ ದೇಹಕ್ಕಿಲ್ಲ. ಹೊರಡುವ ಎರಡು ತಿಂಗಳ ಮುಂಚೆ ಫೆರಿಟಿನ್ ಪರೀಕ್ಷೆ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವ ರಕ್ತಪರೀಕ್ಷೆ) ಮಾಡಿಸಿಕೊಳ್ಳಿ ಎಂಬ ಸಾಲು ಕೈಪಿಡಿಯಲ್ಲಿದೆಯೇ? ಇಲ್ಲದಿದ್ದರೆ ಸೇರಿಸಿ. ಮುಟ್ಟಿನಿಂದ ಪ್ರತಿ ತಿಂಗಳೂ ಕಬ್ಬಿಣ ಕಳೆದುಕೊಳ್ಳುವ ಆ ಇಬ್ಬರು ಹುಡುಗಿಯರಿಗೆ ಮುಖ್ಯವಾಗಿ ಬೇಕಾದ ಸಾಲು ಅದು.

ಇನ್ನು ‘ಕಬ್ಬಿಣಾಂಶ’. ಮೇಷ್ಟರೇ, ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಗೆ ಮಕ್ಕಳು ‘ಕಬ್ಬಿಣಾಂಶದ ಮಾತ್ರೆ’ ಎನ್ನುತ್ತಾರೆ, ಆಶಾ ಕಾರ್ಯಕರ್ತೆಯರೂ ಹಾಗೆಯೇ ಅನ್ನುತ್ತಾರೆ. ‘ಕಟ್ಟಾಜ್ಞೆ’, ‘ಮಂಗಳಾರತಿ’ಗಳನ್ನು ಒಪ್ಪಿದ ಭಾಷೆ ಇದನ್ನೂ ಒಪ್ಪಿದೆ. ಅದನ್ನು ತೆಗೆಯಲು ನಾನು ಬಿಡುವುದಿಲ್ಲ.

ನಿವೃತ್ತ ಸುಬೇದಾರ, ಬೆಳಗಾವಿ ಜಿಲ್ಲೆ

ನಾನು ಪಂಡಿತನಲ್ಲ. ಲೇಹ್‌ನಲ್ಲೂ ಅದಕ್ಕಿಂತ ಮೇಲಿನ ಠಾಣೆಗಳಲ್ಲೂ ಇದ್ದು ಬಂದವನು. ಡಾಕ್ಟರಮ್ಮ ಹೇಳಿದ್ದು ಸರಿಯಾಗಿದೆ.

ವಿಮಾನದಿಂದ ಇಳಿದ ಮೊದಲ ಎರಡು ದಿನ ನಮಗೆ ಪೂರ್ತಿ ವಿಶ್ರಾಂತಿ. ಒಟ್ಟು ಆರು ದಿನ ಅಲ್ಲಿ, ಮೇಲಕ್ಕೆ ಹೋಗುವಾಗ ಇನ್ನೆರಡು ಹಂತ, ಒಂದೊಂದಕ್ಕೆ ನಾಲ್ಕು ದಿನ. ನಾವು ಕನ್ನಡದವರು ನಮ್ಮೊಳಗೆ ಇದನ್ನು ‘ಹವಾ ಒಗ್ಗುವುದು’ ಎನ್ನುತ್ತಿದ್ದೆವು. ‘ಅವನಿಗೆ ಇನ್ನೂ ಹವಾ ಒಗ್ಗಿಲ್ಲ, ಭಾರ ಹೊರಿಸಬೇಡ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಕೈಪಿಡಿಯ ಮೊದಲ ಪುಟದಲ್ಲಿ ‘ಒಗ್ಗುವುದು’ ಬರಲಿ.

‘ವ್ಯಾಯಾಮ ಪ್ರದರ್ಶನ’ ಬೇಡ. ನಮ್ಮ ಕಡೆ ಓಡುವವನಿಗೆ ಬೇಕಾದದ್ದು ‘ದಮ್ಮು’. ನೂರು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ, ಹವಾ ಒಗ್ಗಿದ ಮೇಲೆ ದಮ್ಮು ಬರುತ್ತದೆ. ಕಬ್ಬಿಣದ ಗುಳಿಗೆಯಿಂದ ದಮ್ಮು ಹೆಚ್ಚುತ್ತದೆಯೇ? ಕೇಳಬೇಕಾದ ಪ್ರಶ್ನೆ ಇದೇ ತಾನೆ?

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

‘ಒಗ್ಗು’ ಚೆನ್ನಾಗಿದೆ, ಸುಬೇದಾರರೇ. ಆದರೆ ‘ದಮ್ಮು’ ಪಾರಸಿ. ‘ಹವಾ’ ಅರಬ್ಬಿ. ಡಾಕ್ಟರರ ‘ದಾಸ್ತಾನು’ ಸಹ ಹೊರಗಿನದೇ. ‘ಕಸುವು’, ‘ತ್ರಾಣ’ ಇರುವಾಗ ಬರಹದಲ್ಲಿ ಇವು ಬೇಡ.

ನಿವೃತ್ತ ಸುಬೇದಾರ, ಬೆಳಗಾವಿ ಜಿಲ್ಲೆ

ಗುರುಗಳೇ, ನನ್ನ ತಾಯಿ ದವಾಖಾನೆಗೆ ಹೋಗುತ್ತಾಳೆ, ಗುಳಿಗೆ ತರುತ್ತಾಳೆ, ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತದೆ ಎನ್ನುತ್ತಾಳೆ. ಆಕೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಆಕೆಯ ಬಾಯಲ್ಲಿರುವ ಮಾತನ್ನು ಕನ್ನಡವಲ್ಲ ಎಂದರೆ ನಾನು ಒಪ್ಪುವುದಿಲ್ಲ.

ತಂತ್ರಾಂಶ ಉದ್ಯೋಗಿ, ಬೆಂಗಳೂರು

ಇದೇ ಎರಡು ಅಳತೆಗೋಲು. ಪಾರಸಿಯಿಂದ ಬಂದರೆ ಹೊರಗಿನದು, ಸಂಸ್ಕೃತದಿಂದ ಬಂದರೆ ಮನೆಯದು. ‘ತ್ರಾಣ’ ಎಲ್ಲಿಯದು? ‘ರಕ್ತ’? ‘ನೆತ್ತರು’ ಇರಲಿಲ್ಲವೇ? ‘ಗುಳಿಗೆ’, ‘ಮಾತ್ರೆ’ ಎರಡೂ ಸಂಸ್ಕೃತದವು. ಸಾಲದ ಲೆಕ್ಕ ಬರೆಯುವುದಾದರೆ ಎರಡೂ ಕಡೆಯದನ್ನು ಬರೆಯಿರಿ.

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

‘ಮಾತ್ರೆ’ಯನ್ನು ಈ ಜಗಳಕ್ಕೆ ಎಳೆಯಬೇಡಿ. ಅಳತೆ ಎಂಬುದು ಅದರ ಮೂಲ ಅರ್ಥ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಔಷಧಿಗೂ ಅಳತೆಯೇ ಪ್ರಾಣ. ಡಾಕ್ಟರರೂ ಅದನ್ನೇ ಹೇಳುತ್ತಿದ್ದಾರೆ. ಇಷ್ಟು ಅರ್ಥ ಹೊತ್ತು ಬಂದು ಸಾವಿರ ವರ್ಷ ನಮ್ಮ ಕಾವ್ಯದೊಳಗೆ ಬಾಳಿದ ಪದವನ್ನು ಸಾಲ ಎನ್ನಲಾರೆ.

ತಂತ್ರಾಂಶ ಉದ್ಯೋಗಿ, ಬೆಂಗಳೂರು

ದಮ್ಮೂ ಬಾಳಿದೆ. ಕಾವ್ಯದೊಳಗಲ್ಲ, ಮನೆಯೊಳಗೆ. ನನಗೆ ಅಷ್ಟು ಸಾಕು.

ಅನುವಾದಕಿ, ಮೈಸೂರು (ಮಂಗಳವಾರ ಬೆಳಗ್ಗೆ)

ಎಲ್ಲರಿಗೂ ಕೃತಜ್ಞತೆ. ರಾತ್ರಿ ಪುಟವನ್ನು ಪೂರ್ತಿ ತಿದ್ದಿದೆ. ಒಂದು ಅನುಮಾನ ಉಳಿದಿದೆ. ‘ಪೂರಕ’ ಇದ್ದ ಕಡೆಯೆಲ್ಲ ‘ಮಾತ್ರೆ’ ಹಾಕಿದ್ದೇನೆ. ಪೆರು ದೇಶದ ಸೆರ್ರೊ ಡಿ ಪಾಸ್ಕೊ ಎಂಬ ಪಟ್ಟಣದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಸ್ತಾಪವೂ ಮೂಲದಲ್ಲಿದೆ. ಅಲ್ಲಿಯೂ ‘ಕಬ್ಬಿಣಾಂಶದ ಮಾತ್ರೆ’ ಎನ್ನಬಹುದೇ?

ವೈದ್ಯೆ, ಶಿವಮೊಗ್ಗ

ಬೇಡ! ಆ ಅಧ್ಯಯನದಲ್ಲಿ ಮಾತ್ರೆ ಕೊಡಲಿಲ್ಲ. ಕಡಲಮಟ್ಟದಲ್ಲಿ ವಾಸಿಸುವ ಆರೋಗ್ಯವಂತ ಗಂಡಸರನ್ನು 4,340 ಮೀಟರ್ ಎತ್ತರಕ್ಕೆ ಕರೆದೊಯ್ದು, ಕೆಲವರಿಗೆ ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟರು. ಎತ್ತರದಿಂದಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಏರಿದ್ದ ಒತ್ತಡ ಅವರಲ್ಲಿ ಇಳಿಯಿತು. ಅಳೆದದ್ದು ಆ ಒತ್ತಡವನ್ನು, ಓಟದ ವೇಗವನ್ನಲ್ಲ. ‘ಮಾತ್ರೆ’ ಎಂದು ಬರೆದರೆ ಅಂಗಡಿಯಿಂದ ತಂದು ನುಂಗುತ್ತಾರೆ. ‘ರಕ್ತನಾಳದ ಮೂಲಕ ಕೊಟ್ಟ ಕಬ್ಬಿಣ’ ಎಂದು ಬಿಡಿಸಿ ಬರೆಯಿರಿ. ಸಾಲು ಉದ್ದವಾದರೆ ಆಗಲಿ.

ಅನುವಾದಕಿ, ಮೈಸೂರು (ಮಂಗಳವಾರ ಮಧ್ಯಾಹ್ನ)

ಹಾಗೆಯೇ ಮಾಡಿದೆ. ಈಗ ತಲೆಬರಹ: ‘ವಿರಳ ಗಾಳಿಯಲ್ಲಿ ಓಟ: ಕಬ್ಬಿಣಾಂಶದ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ?’ ‘ಹೈಪಾಕ್ಸಿಯಾ’ವನ್ನು ಒಳಗೆ ಒಂದೇ ಕಡೆ, ‘ದೇಹಕ್ಕೆ ಸಾಲುವಷ್ಟು ಆಮ್ಲಜನಕ ಸಿಗದ ಸ್ಥಿತಿ’ ಎಂದು ಬಿಡಿಸಿ ಹೇಳಿ ಹಾಗೆಯೇ ಬಿಟ್ಟಿದ್ದೇನೆ. ಲೇಹ್‌ನ ಆಸ್ಪತ್ರೆಯಲ್ಲಿ ಅವರ ಕಿವಿಗೆ ಬೀಳುವುದು ಆ ಪದವೇ. ‘ಕೊರತೆ’ ಕಬ್ಬಿಣದ ಜೊತೆ ಮಾತ್ರ ಬರುತ್ತದೆ, ಗಾಳಿಯ ಜೊತೆ ಎಲ್ಲೂ ಇಲ್ಲ. ಮೊದಲ ಪುಟದಲ್ಲಿ ‘ಒಗ್ಗುವುದು’ ಏಳು ಸಲ ಬಂದಿದೆ. ‘ದಮ್ಮು’ ಎರಡು ಕಡೆ ಇದೆ, ‘ಕಸುವು’ ಒಂದು ಕಡೆ. ಫೆರಿಟಿನ್ ಪರೀಕ್ಷೆಯ ಸಾಲನ್ನು ಚೌಕಟ್ಟಿನೊಳಗೆ ಹಾಕಿಸಿದ್ದೇನೆ.

ಆರು ಗಂಟೆಗೆ ಮುದ್ರಣಾಲಯಕ್ಕೆ ಹೋಗುತ್ತಿದ್ದೇನೆ.

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

ಬಿಡಿಸಿ ಹೇಳಿದ್ದು ‘ಅಲ್ಪಾಮ್ಲಜನಕತೆ’ಗಿಂತ ಚೆನ್ನಾಗಿದೆ, ಒಪ್ಪುತ್ತೇನೆ. ‘ಕಬ್ಬಿಣಾಂಶ’ವನ್ನು ಒಪ್ಪಲಾರೆ. ಅಚ್ಚಾದ ಮೇಲೆ ಎರಡು ಪ್ರತಿ ಕಳಿಸಿ. ನನ್ನ ಮೊಮ್ಮಗಳೂ ಓಡುತ್ತಾಳೆ.