ಸ್ಕಾರ್ಫ್ ಹಾಕುವ ಮಗಳನ್ನು ಫ್ರಾನ್ಸಿನ ಸರ್ಕಾರಿ ಶಾಲೆಗೆ ಕಳಿಸಿದವರು ಇದ್ದೀರಾ?

ನಮ್ಮದು ಮಂಗಳೂರು. ಮನೆಯವರಿಗೆ ಟುಲೂಸ್‌ನಲ್ಲಿ ಕೆಲಸ ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡಬೇಕು. ಮಗಳಿಗೆ 12 ವರ್ಷ. ಹೋದ ವರ್ಷದಿಂದ ತಾನೇ ಇಷ್ಟಪಟ್ಟು ಸ್ಕಾರ್ಫ್ ಹಾಕುತ್ತಿದ್ದಾಳೆ. ಅಲ್ಲಿ ಶಾಲೆಯಲ್ಲಿ ಬಿಡುವುದಿಲ್ಲವಂತೆ. ಊಟದ ಚಿಂತೆಯೂ ಇದೆ. ಗೊತ್ತಿದ್ದವರು ಹೇಳಿ.

ಉತ್ತರ 1

ಅಕ್ಕಾ, ನಾನು ಭಟ್ಕಳದವಳು. ಇಲ್ಲಿಗೆ ಬಂದು ಒಂಬತ್ತು ವರ್ಷ. ನನ್ನ ಮಗಳಿಗೂ ಆಗ ಇದೇ ವಯಸ್ಸು.

ಸರ್ಕಾರಿ ಶಾಲೆಯೊಳಗೆ ಸ್ಕಾರ್ಫ್ ನಡೆಯುವುದಿಲ್ಲ. 2004ರ ಕಾನೂನು ಅದು. ಯಹೂದಿ ಹುಡುಗರ ಟೋಪಿ, ಸಿಖ್ಖರ ಪೇಟ, ದೊಡ್ಡ ಶಿಲುಬೆ ಎಲ್ಲಕ್ಕೂ ತಡೆ ಇದೆ. 2023ರಿಂದ ಅಬಾಯಾ (ಮೈತುಂಬ ಹಾಕುವ ಉದ್ದ ನಿಲುವಂಗಿ) ಕೂಡ ಇಲ್ಲ. ಆದರೂ ಜಾಸ್ತಿ ತಟ್ಟುವುದು ನಮ್ಮ ಹೆಣ್ಣುಮಕ್ಕಳಿಗೇ. ನಾನಂತೂ ಈ ಕಾನೂನನ್ನು ಇವತ್ತಿಗೂ ಮನಸಾರೆ ಒಪ್ಪಿಲ್ಲ.

ಆದರೆ ಅದು ಎಲ್ಲಿಯ ತನಕ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ರಸ್ತೆ, ಬಸ್ಸು, ಅಂಗಡಿಯಲ್ಲಿ ಸ್ಕಾರ್ಫ್ ಹಾಕಬಹುದು, ಮುಖ ಮುಚ್ಚಬಾರದು ಅಷ್ಟೆ. ಮಗಳನ್ನು ಬಿಡಲು ನೀವು ಹಾಕಿಕೊಂಡೇ ಹೋಗಬಹುದು. ಯೂನಿವರ್ಸಿಟಿ ವಿದ್ಯಾರ್ಥಿಗಳಿಗೂ ಈ ಕಾನೂನು ಇಲ್ಲ. ನನ್ನ ಮಗಳು ಈಗ ಅಲ್ಲಿ ಸ್ಕಾರ್ಫ್ ಹಾಕಿಕೊಂಡೇ ಕ್ಲಾಸಿಗೆ ಕೂರುತ್ತಾಳೆ.

ಮೊದಲ ದಿನ ಮಾತ್ರ ಮರೆಯಲಾರೆ. ಗೇಟಿನ ಎದುರು ಮರದ ಕೆಳಗೆ ಐದಾರು ಹುಡುಗಿಯರು ನಿಂತು ಪಿನ್ ಬಿಚ್ಚುತ್ತಿದ್ದರು. ನನ್ನವಳೂ ಹೋಗಿ ನಿಂತಳು. ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು, ಸ್ಕಾರ್ಫನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದಳು. ತಿರುಗಿ ನೋಡದೆ ಒಳಗೆ ಹೋದಳು. ಸಂಜೆ ಬಂದು, "ನಾನು ತಪ್ಪು ಮಾಡ್ತಿದ್ದೀನಾ?" ಅಂತ ಅತ್ತಳು. ತಪ್ಪು ನಮ್ಮದು. ಶಾಲೆ ಶುರುವಾಗುವ ಹಿಂದಿನ ರಾತ್ರಿಯವರೆಗೂ ಅವಳಿಗೆ ವಿಷಯವನ್ನೇ ಹೇಳಿರಲಿಲ್ಲ.

ನೀವು ಹಾಗೆ ಮಾಡಬೇಡಿ. ಊರಲ್ಲಿರುವಾಗಲೇ ಕೂರಿಸಿಕೊಂಡು ಮಾತಾಡಿ. 2022ರ ಉಡುಪಿಯ ಗಲಾಟೆಯನ್ನು ಟಿವಿಯಲ್ಲಿ ನೋಡಿರುತ್ತಾಳೆ, ಅಲ್ವಾ? ಆ ಭಯ ಇನ್ನೂ ಒಳಗೆ ಇರಬಹುದು. ಮರೆತು ಹಾಕಿಕೊಂಡು ಹೋದರೆ ತಕ್ಷಣ ಶಿಕ್ಷೆ ಕೊಡುವಂತಿಲ್ಲ, ಮೊದಲು ಮಗುವಿನ ಜೊತೆ ಮಾತಾಡಬೇಕು ಅಂತ ಕಾನೂನಲ್ಲೇ ಇದೆ. ಇದನ್ನೂ ಅವಳಿಗೆ ಹೇಳಿ.

ತೆಗೆಯಲು ಮನಸ್ಸೇ ಒಪ್ಪದಿದ್ದರೆ ಖಾಸಗಿ ಶಾಲೆ ನೋಡಿ. ಅವುಗಳಿಗೆ ಈ ಕಾನೂನು ಇಲ್ಲ, ಆಯಾ ಶಾಲೆಯ ನಿಯಮ. ಸ್ಕಾರ್ಫ್ ಬಿಡುವ ಕ್ಯಾಥೊಲಿಕ್ ಶಾಲೆಗಳೂ ಇವೆ.

ಉತ್ತರ 2

ಊಟದ ಬಗ್ಗೆ. ಕ್ಯಾಂಟೀನಿನಲ್ಲಿ ವಾರಕ್ಕೊಮ್ಮೆ ಮಾಂಸ, ಮೀನು ಇಲ್ಲದ ಊಟ ಕೊಡಲೇಬೇಕು. ಹಂದಿಮಾಂಸದ ದಿನ ಬದಲಿ ಕೊಡುವುದು ಆಯಾ ಸ್ಥಳೀಯ ಆಡಳಿತಕ್ಕೆ ಬಿಟ್ಟದ್ದು, ಮೊದಲೇ ಕೇಳಿ. ಮನೆ ಹತ್ತಿರವಿದ್ದರೆ ಸೇರಿಸುವಾಗ 'ಎಕ್ಸ್‌ಟರ್ನ್' ಅಂತ ಬರೆಸಿ, ಮಧ್ಯಾಹ್ನ ಮನೆಗೇ ಬಂದು ಉಣ್ಣುತ್ತಾಳೆ. ಈದ್‌ಗೆ ಶಾಲೆಗೆ ರಜೆ ಇಲ್ಲ. ನಾವು ಮೊದಲೇ ಚೀಟಿ ಬರೆದು ಕೊಡುತ್ತೇವೆ, ಒಪ್ಪುತ್ತಾರೆ.

ಉತ್ತರ 3

ನಾನು ಧಾರವಾಡದವನು, ಪ್ಯಾರಿಸ್‌ನಲ್ಲಿದ್ದೇನೆ. ಈ ದೇಶಕ್ಕೆ ಧರ್ಮ ಅಂದರೇ ಆಗದು ಅಂತ ಮಗಳು ತಿಳಿಯದಿರಲಿ. ಇಲ್ಲಿನ ಲಾ ಶಪೆಲ್ ಬಡಾವಣೆಯ ಬೀದಿಗಳಲ್ಲಿ ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಶ್ರೀಲಂಕಾದ ತಮಿಳರು ಗಣಪತಿಯ ರಥ ಎಳೆಯುತ್ತಾರೆ. ರಸ್ತೆ ಮೇಲೆ ತೆಂಗಿನಕಾಯಿ ರಾಶಿ ಒಡೆಯುತ್ತಾರೆ, ಕಾಯಿ ನೀರು ಹರಿದು ಬರುತ್ತದೆ. ಪೊಲೀಸರು ವಾಹನ ತಡೆದು ದಾರಿ ಬಿಡಿಸಿಕೊಡುತ್ತಾರೆ. ಸರ್ಕಾರವನ್ನು ಚರ್ಚಿನಿಂದ ಬೇರೆ ಮಾಡಿದ 1905ರ ಕಾನೂನೇ ಪೂಜೆಯ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ಶಾಲೆಯ ವಿಷಯದಲ್ಲಿ ಮಾತ್ರ ಬಹಳ ಬಿಗಿ.

ನಮ್ಮ ಮಗನಿಗೆ ಇದಕ್ಕಿಂತ ಕಷ್ಟವಾಗಿದ್ದು ಭಾಷೆ. ಮೂರು ತಿಂಗಳು ಆಟದ ಬಯಲಲ್ಲಿ ಒಬ್ಬನೇ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಹೊಸದಾಗಿ ಬಂದ ಮಕ್ಕಳಿಗೆ ಫ್ರೆಂಚ್ ಕಲಿಸುವ ತರಗತಿ ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಯಾವ ಶಾಲೆಯಲ್ಲಿದೆ ಅಂತ ಕೇಳಿ, ಆಮೇಲೆ ಮನೆ ಹುಡುಕಿ.