ಸಹಾಯ ಬೇಕು: ರೋಬೋಟ್ ನೆರವಿನ ಬೆನ್ನುಮೂಳೆ ಆಪರೇಷನ್, ಚೆಕ್‌ಲಿಸ್ಟ್ ತಿದ್ದಿಕೊಡಿ

ನಮಸ್ಕಾರ ರೀ ಎಲ್ಲರಿಗೂ. ಬೆಳಗಾವಿ, ವಿಜಯಪುರ ಕಡೆಯ ಓಟಿ ಸಿಬ್ಬಂದಿಗೆ ಕನ್ನಡದಲ್ಲೇ ಒಂದು ಪುಟದ ಚೆಕ್‌ಲಿಸ್ಟ್ ಮಾಡ್ತಿದ್ದೇವೆ. ರೋಬೋಟ್ ಬಳಸಿ ಸಣ್ಣ ಸೀಳಿನಲ್ಲಿ ಪೆಡಿಕಲ್ ಸ್ಕ್ರೂ (ಬೆನ್ನೆಲುಬಿನ ಹಿಂದು-ಮುಂದಿನ ಭಾಗ ಜೋಡಿಸುವ ಎಲುಬಿನ ಸೇತುವೆಯೊಳಗೆ ಹೋಗುವ ಸ್ಕ್ರೂ) ಹಾಕುವಾಗ ಎಡವಟ್ಟು ಎಲ್ಲಿ ಆಗ್ತದ ಅನ್ನೋದೇ ವಿಷಯ.

ಹೆಚ್ಚು ಕಾಡೋದು ಡ್ರಿಲ್ ಜಾರೋದು. ಫೆಸೆಟ್ ಕೀಲು (ಬೆನ್ನೆಲುಬುಗಳ ಹಿಂಬದಿಯ ಸಣ್ಣ ಕೀಲು) ದಪ್ಪಗಾಗಿ ಇಳಿಜಾರಾಗಿದ್ದರೆ, ಅಥವಾ ಸೀಳು ಚಿಕ್ಕದಾಗಿ ಸ್ನಾಯು ಗೈಡ್ ಟ್ಯೂಬನ್ನು ಪಕ್ಕಕ್ಕೆ ಒತ್ತಿದರೆ, ತುದಿ ಜಾರಿ ಸ್ಕ್ರೂ ಹಾದಿ ತಪ್ಪುತ್ತದೆ. ಪರದೆಯ ಮೇಲೆ ಎಲ್ಲ ಸರಿಯಾಗೇ ಕಾಣಬಹುದು, ಮೋಸ ಇರೋದೇ ಅಲ್ಲಿ. ಕರಡಿನಲ್ಲಿ ಬರೆದದ್ದು: ಫ್ಯಾಸಿಯಾ (ಸ್ನಾಯುವಿನ ಮೇಲಿನ ಗಟ್ಟಿ ಪೊರೆ) ಇನ್ನಷ್ಟು ಬಿಡಿಸಿ, ಹೈ-ಸ್ಪೀಡ್ ಬರ್‌ನಿಂದ (ಎಲುಬು ಉಜ್ಜುವ ತಿರುಗು ಉಪಕರಣ) ಎಲುಬಿನ ಮೇಲ್ಮೈ ಸಮ ಮಾಡಿ, ವೇಗ ಹೆಚ್ಚು, ಒತ್ತಡ ಕಡಿಮೆ.

ಇನ್ನೊಂದು ರೆಫರೆನ್ಸ್ ಫ್ರೇಮ್, ಅಂದರೆ ರೋಗಿಯ ಎಲುಬು ಎಲ್ಲಿದೆ ಅಂತ ರೋಬೋಟ್‌ಗೆ ತೋರಿಸುವ ಗುರುತಿನ ಚೌಕಟ್ಟು. ಸೊಂಟದ ಎಲುಬಿಗೆ ಬಿಗಿದ ಪಿನ್‌ಗೆ ಯಾರದಾದರೂ ಮೊಣಕೈ ತಾಗಿದರೆ ಸಾಕು, ಮುಂದಿನ ಸ್ಕ್ರೂಗಳೆಲ್ಲ ಒಂದೇ ದಿಕ್ಕಿಗೆ ಸರೀತಾವ. ಅನುಮಾನ ಬಂದರೆ ರಿಜಿಸ್ಟ್ರೇಷನ್ (ಸ್ಕ್ಯಾನ್ ಚಿತ್ರವನ್ನು ರೋಗಿಯ ಎಲುಬಿಗೆ ಹೊಂದಿಸೋದು) ಹೊಸದಾಗಿ ಮಾಡಲೇಬೇಕು. ಕೆ-ವೈರ್ (ಸ್ಕ್ರೂಗೆ ದಾರಿ ತೋರುವ ತೆಳು ತಂತಿ) ಮುಂದಕ್ಕೆ ನುಗ್ಗಿ ದೊಡ್ಡ ರಕ್ತನಾಳಕ್ಕೆ ತಾಗುವ ಭಯವೂ ಇದೆ. ಟ್ಯಾಪ್ ಮಾಡುವಾಗ (ಸ್ಕ್ರೂ ಕೂರಲು ಎಲುಬಿನಲ್ಲಿ ಸುರುಳಿ ಗೆರೆ ಕೊರೆಯುವಾಗ) ಸಿ-ಆರ್ಮ್‌ನ (ಓಟಿಯ ಎಕ್ಸ್‌ರೇ ಯಂತ್ರ) ಪಕ್ಕದ ನೋಟ ಬೇಕೇ ಬೇಕು.

ನಮಗೆ ಬೇಕಾದ ಉತ್ತರ: ಟ್ರಿಗರ್ಡ್ ಇಎಂಜಿಯಲ್ಲಿ (ಸ್ಕ್ರೂಗೆ ಸಣ್ಣ ಕರೆಂಟ್ ಕೊಟ್ಟು ನರ ಹತ್ತಿರ ಇದೆಯಾ ನೋಡೋ ಪರೀಕ್ಷೆ) 8 ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟ್‌ಗೇ ಸ್ನಾಯು ಸ್ಪಂದಿಸಿದರೆ ಸ್ಕ್ರೂ ತಕ್ಷಣ ತೆಗೀತೀರಾ, ಮೊದಲು ತ್ರೀಡಿ ಸ್ಕ್ಯಾನ್ ನೋಡ್ತೀರಾ? ಸ್ಕ್ರೂ ಪೆಡಿಕಲ್ ಗೋಡೆ ಒಡೆದು 2 ಮಿ.ಮೀ.ಗಿಂತ ಕಡಿಮೆ ಹೊರಬಂದಿದ್ದು ನರದ ತೊಂದರೆ ಇಲ್ಲದಿದ್ದರೆ ಹಾಗೇ ಬಿಡ್ತೀರಾ? ರಿಜಿಸ್ಟ್ರೇಷನ್ ಎಷ್ಟು ಸಲ ಕೈಕೊಟ್ಟ ಮೇಲೆ ರೋಬೋಟ್ ಬದಿಗಿಟ್ಟು ಸಿ-ಆರ್ಮ್‌ಗೆ ಮರಳ್ತೀರಾ? ಬಾಗಲಕೋಟೆ ಕಡೆ ಇಂಥ ಪಟ್ಟಿ ಬಳಸೋರಿದ್ದರೆ, ರೋಗಿಯ ಹೆಸರು, ನಂಬರ್ ತೆಗೆದು ಫೋಟೋ ಹಾಕ್ರಿ.