ಐಸ್ ಹಾಕಿ: ಒಲಿಂಪಿಕ್ಸ್‌ಗೆ ಕೆನಡಾ ತಂಡ ಆರಿಸುವಾಗ ಪಾಯಿಂಟ್ ಪಟ್ಟಿಯ ಮೇಲಿನ 22 ಜನ ಸಾಕಲ್ವಾ?

ಬಿಜೈ_ಬೆಂಚ್:
ನಮ್ಮ ಗುಂಪಿನಲ್ಲಿ ಒಂದು ಪಂಥ ನಡೀತಾ ಉಂಟು. ಪ್ರತಿಯೊಬ್ಬರೂ ಕೆನಡಾಕ್ಕೆ ಒಲಿಂಪಿಕ್ಸ್ ತಂಡ ಆರಿಸಿ ಬರೆದು ಕೊಡಬೇಕು: 22 ಸ್ಕೇಟರ್ (ಗೋಲ್‌ಕೀಪರ್ ಬಿಟ್ಟು ಉಳಿದ ಆಟಗಾರರು), 3 ಗೋಲಿ (ಗೋಲ್‌ಕೀಪರ್). ನಾನು ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಲೀಗ್) ಪಾಯಿಂಟ್ ಪಟ್ಟಿ (ಗೋಲು, ಅಸಿಸ್ಟ್ ಸೇರಿದ ಲೆಕ್ಕ) ತೆಗೆದು ಮೇಲಿನಿಂದ 14 ಫಾರ್ವರ್ಡ್, 8 ಡಿಫೆನ್ಸ್ ಅಂತ ಗೆರೆ ಎಳೆದೆ. ನೋಡಿದವರೆಲ್ಲ ನಗಾಡಿದ್ರು. ಫಾರ್ವರ್ಡ್‌ಗಳಲ್ಲಿ ಸೆಂಟರ್‌ಗಳೇ 9 ಜನ, ಡಿಫೆನ್ಸ್‌ನ 8ರಲ್ಲಿ 6 ಜನ ಎಡ ಶಾಟ್ (ಕೋಲನ್ನು ಎಡಬದಿಗೆ ಹಿಡಿದು ಆಡುವವರು). ಇದರಲ್ಲಿ ತಪ್ಪು ಎಂತದು? ಮತ್ತೆ ಮೂರನೇ ಗೋಲಿ ಎಂತಕ್ಕೆ?

ಪಣಂಬೂರು_ಪಕ್:
ಏಳು ಜನ ರೈಡರ್‌ಗಳನ್ನೇ ಕಟ್ಟಿಕೊಂಡು ಕಬಡ್ಡಿಗೆ ಇಳಿದ ಹಾಗಾಯ್ತು ಮಾರಾಯ್ರೆ. ಕಾರ್ನರ್ ಯಾರು, ಕವರ್ ಯಾರು?

ಪಟ್ಟಿಯಲ್ಲಿ 25 ಹೆಸರಿದ್ದರೂ ಒಂದು ಪಂದ್ಯಕ್ಕೆ ಡ್ರೆಸ್ ಹಾಕುವುದು 20 ಸ್ಕೇಟರ್, 2 ಗೋಲಿ. ಎನ್‌ಎಚ್‌ಎಲ್‌ನಲ್ಲಿ ಸ್ಕೇಟರ್ 18 ಮಾತ್ರ. ಹಾಗಾಗಿ ಮಾಮೂಲು 12 ಫಾರ್ವರ್ಡ್, 6 ಡಿಫೆನ್ಸ್ ಆದ ಮೇಲೆ ಇನ್ನಿಬ್ಬರಿಗೆ ಜಾಗ ಉಂಟು. ಹೆಚ್ಚಾಗಿ ಅದು 13ನೇ ಫಾರ್ವರ್ಡ್, 7ನೇ ಡಿಫೆನ್ಸ್. ಅವರಿಗೆ ಪಂದ್ಯದಲ್ಲಿ ಕೆಲವೇ ನಿಮಿಷ ಸಿಗ್ತದೆ. ಕ್ಲಬ್ಬಿನಲ್ಲಿ 20 ನಿಮಿಷ ಆಡಿ ಅಭ್ಯಾಸ ಇದ್ದವನನ್ನು ಅಲ್ಲಿ ಕೂರಿಸಿದರೆ ತಣ್ಣಗಾಗಿ ಬಿಡ್ತಾನೆ. ಒಂದು ಫೇಸ್ ಆಫ್‌ಗೆ (ಇಬ್ಬರ ನಡುವೆ ರಬ್ಬರ್ ಬಿಲ್ಲೆ, ಅಂದರೆ ಪಕ್, ಹಾಕಿ ಆಟ ಶುರು ಮಾಡುವುದು) ಇಳಿದು ಹತ್ತುವವನೋ, ಪೆನಾಲ್ಟಿ ಕಿಲ್‌ನವನೋ ಆ ಜಾಗಕ್ಕೆ ಸರಿ.

ನಿಮ್ಮ ಪಟ್ಟಿಯ ದೊಡ್ಡ ತೂತು ಪೆನಾಲ್ಟಿ ಕಿಲ್. 2 ನಿಮಿಷದ ಪೆನಾಲ್ಟಿ ಬಿದ್ದರೆ ನಾಲ್ವರೇ ಐವರನ್ನು ತಡೀಬೇಕು. ಅದು ಉಸಿರು ಕಟ್ಟುವ ಕೆಲಸ, ಅರ್ಧ ನಿಮಿಷಕ್ಕೆಲ್ಲ ಜೋಡಿ ಬದಲಾಗ್ತಾ ಇರಬೇಕು. ಎರಡು ಜೋಡಿ ಫಾರ್ವರ್ಡ್, ಎರಡು ಜೋಡಿ ಡಿಫೆನ್ಸ್ ಕಡಿಮೆ ಪಕ್ಷ. ಪೆನಾಲ್ಟಿ ತಿಂದು ಪೆಟ್ಟಿಗೆಯಲ್ಲಿ ಕೂತವನು ಅವರಲ್ಲೇ ಒಬ್ಬ ಆಗಿರಬಹುದು, ಅದಕ್ಕೆ ಐದನೇ ಫಾರ್ವರ್ಡ್ ಒಬ್ಬ ಬೇಕು. ನಿಮ್ಮ 14ರಲ್ಲಿ ತಂತಮ್ಮ ಕ್ಲಬ್ಬಿಗೆ ಈ ಕೆಲಸ ಮಾಡುವವರು ಎಷ್ಟು ಜನ ಅಂತ ಎಣಿಸಿ ನೋಡಿ. ಪಾಯಿಂಟ್ ಪಟ್ಟಿಯ ಮೇಲಿನವರ ಪಾಯಿಂಟ್‌ಗಳಲ್ಲಿ ದೊಡ್ಡ ಪಾಲು ಪವರ್ ಪ್ಲೇಯಿಂದ (ಎದುರಾಳಿಗೆ ಪೆನಾಲ್ಟಿ ಬಿದ್ದು ನಮ್ಮಲ್ಲಿ ಒಬ್ಬ ಹೆಚ್ಚಿರುವ ಹೊತ್ತು) ಬಂದದ್ದು. ಪವರ್ ಪ್ಲೇಯ ಮೊದಲ ಯೂನಿಟ್ಟಿನಲ್ಲಿ ಜಾಗ ಇರುವುದು ಐದೇ.

ಸೆಂಟರ್ 9 ಜನ ಇರುವುದು ತಪ್ಪೇ ಅಲ್ಲ. ಸೆಂಟರನ್ನು ವಿಂಗಿಗೆ ಸರಿಸಬಹುದು, ವಿಂಗಿನವನನ್ನು ಸೆಂಟರ್ ಮಾಡ್ಲಿಕ್ಕೆ ಕಷ್ಟ. ಸೆಂಟರ್ ತನ್ನ ಗೋಲಿನ ಮುಂದಿನವರೆಗೂ ಇಳಿದು ಡಿಫೆನ್ಸ್‌ನವರಿಗೆ ಕೈ ಜೋಡಿಸಬೇಕಾಗ್ತದೆ, ಆ ಓಡಾಟ ನಾಲ್ಕು ದಿನದಲ್ಲಿ ಬರುವುದಿಲ್ಲ. ಆದರೆ ಆ ಒಂಬತ್ತರಲ್ಲಿ ಎಡ ಶಾಟ್ ಎಷ್ಟು, ಬಲ ಶಾಟ್ ಎಷ್ಟು ನೋಡಿ. ಫೇಸ್ ಆಫ್‌ನಲ್ಲಿ ಎಡ ಶಾಟ್ ಸೆಂಟರ್ ಬ್ಯಾಕ್‌ಹ್ಯಾಂಡಿನಲ್ಲಿ ಎಳೆದರೆ ಪಕ್ ಅವನ ಎಡ ಹಿಂಬದಿಗೆ ಹೋಗ್ತದೆ. ತನ್ನ ಗೋಲಿಗೆ ಬೆನ್ನು ಹಾಕಿ ಎಡಬದಿಯ ವೃತ್ತದಲ್ಲಿ ನಿಂತಿದ್ದರೆ ಅದು ಮೂಲೆಗೆ ಹೋಯ್ತು, ಅಪಾಯ ಇಲ್ಲ. ಬಲಬದಿಯ ವೃತ್ತದಲ್ಲಿ ಅದೇ ಎಳೆತ ಪಕ್ಕನ್ನು ನೇರ ಗೋಲಿನ ಮುಂದೆ ತಂದು ಹಾಕ್ತದೆ. ಐಸಿಂಗ್ (ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲ್ ಗೆರೆ ದಾಟುವ ಹಾಗೆ ಹೊಡೆಯುವ ತಪ್ಪು) ಆದ ಮೇಲೆ ಆ ತಪ್ಪು ಮಾಡಿದ ತಂಡಕ್ಕೆ ಆಟಗಾರರನ್ನು ಬದಲಾಯಿಸಲಿಕ್ಕೂ ಬಿಡುವುದಿಲ್ಲ. ಅದಕ್ಕೇ ಪ್ರತಿ ಲೈನಿನಲ್ಲೂ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳು) ಫೇಸ್ ಆಫ್ ತೆಗೆಯುವವರು ಇಬ್ಬರು, ಒಬ್ಬ ಎಡ, ಒಬ್ಬ ಬಲ ಇದ್ದರೆ ಲೈನ್ಸ್‌ಮನ್ ಒಬ್ಬನನ್ನು ಫೇಸ್ ಆಫ್‌ನಿಂದ ಹೊರಗೆ ಹಾಕಿದರೂ ಮಂಡೆಬಿಸಿ ಇಲ್ಲ.

ಡಿಫೆನ್ಸ್‌ನಲ್ಲಿ 6 ಎಡ, 2 ಬಲ ಅಂದರೆ ಮೂರು ಜೋಡಿಯಲ್ಲಿ ಒಂದರಲ್ಲಾದರೂ ಎಡ ಶಾಟಿನವ ಬಲಬದಿಯಲ್ಲಿ ನಿಲ್ಲಬೇಕು. ಬೋರ್ಡಿನ ಗುಂಟ ಸುತ್ತಿ ಬರುವ ಪಕ್ಕನ್ನು ಅವನು ಬ್ಯಾಕ್‌ಹ್ಯಾಂಡಿನಲ್ಲೇ ಹಿಡೀಬೇಕು, ತಿರುಗಿ ಪಾಸ್ ಕೊಡುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರ್ತಾನೆ. (ಎದುರಾಳಿಯ ವಲಯದಲ್ಲಿ ಅವನಿಗೆ ಒನ್ ಟೈಮರ್, ಅಂದರೆ ಬಂದ ಪಾಸನ್ನು ನಿಲ್ಲಿಸದೆ, ಹೊಡೀಲಿಕ್ಕೆ ಅನುಕೂಲ, ಅದು ಬೇರೆ ಮಾತು.) 2014ರ ಸೋಚಿ ಒಲಿಂಪಿಕ್ಸ್‌ನ ಕೆನಡಾ ತಂಡ ನೋಡಿ. ಬಲ: ಡೌಟಿ, ವೆಬರ್, ಪಿಯೆಟ್ರಾಂಜೆಲೊ, ಸುಬ್ಬನ್. ಎಡ: ಕೀತ್, ವ್ಲಾಸಿಕ್, ಬೌಮೀಸ್ಟರ್, ಹ್ಯಾಮ್‌ಹ್ಯೂಸ್. ನಾಲ್ಕಕ್ಕೆ ನಾಲ್ಕು. ಹಿಂದಿನ ವರ್ಷವಷ್ಟೇ ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಗೆದ್ದಿದ್ದ ಸುಬ್ಬನ್‌ಗೆ ಇಡೀ ಟೂರ್ನಿಯಲ್ಲಿ ಸಿಕ್ಕಿದ್ದು ಒಂದು ಪಂದ್ಯ. ಆ ತಂಡ 6 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 3 ಗೋಲು!

ಮಲ್ಪೆ_ಗೋಲ್‌ಕೀಪರ್:
ಮೂರನೇ ಗೋಲಿಯ ಬಗ್ಗೆ. ಸೋಚಿಯಲ್ಲಿ ಫೆಬ್ರವರಿ 13 ಮತ್ತು 14, ಬೆನ್ನು ಬೆನ್ನಿಗೆ ಎರಡು ಪಂದ್ಯ. ನಾರ್ವೆ ಎದುರು ಪ್ರೈಸ್, ಆಸ್ಟ್ರಿಯಾ ಎದುರು ಲುವಾಂಗೊ. ಮೂರನೆಯವ ಸ್ಮಿತ್ ಒಂದು ಪಂದ್ಯವೂ ಆಡಲಿಲ್ಲ. ಆದರೆ ಇಬ್ಬರಲ್ಲಿ ಒಬ್ಬನಿಗೆ ತೊಡೆಸಂದಿನ ಸ್ನಾಯು ಹಿಡಿಯಿತು ಅಂತಿಟ್ಟುಕೊಳ್ಳಿ, ಟೂರ್ನಿ ಶುರುವಾದ ಮೇಲೆ ಊರಿಂದ ಕರೆಸಲಿಕ್ಕೆ ಆಗುದಿಲ್ಲ. ಪ್ರಾಕ್ಟೀಸಿನಲ್ಲಿ ಎರಡು ಬದಿ ಗೋಲಿಗೂ ಜನ ಬೇಕು, ಮಾರನೇ ದಿನ ಆಡುವವನಿಗೆ ವಿಶ್ರಾಂತಿಯೂ ಬೇಕು. ಮೂರನೆಯವನಾಗಿ ಬೆಂಚಿಗೂ ಬಾರದೆ ಇರಲಿಕ್ಕೆ ಬೇಜಾರಿಲ್ಲದವನನ್ನೇ ಹುಡುಕಿ. ದೊಡ್ಡ ಹೆಸರಿನವನು ಮುಖ ಊದಿಸಿಕೊಂಡು ಕೂತರೆ ಡ್ರೆಸ್ಸಿಂಗ್ ರೂಮ್ ಹಾಳು.

ಒಂದನೇ ನಂಬರ್ ಯಾರು ಅಂತ ಮೊದಲೇ ಕಲ್ಲಿನಲ್ಲಿ ಕೆತ್ತಬೇಡಿ. 2010ರ ವ್ಯಾಂಕೂವರ್‌ನಲ್ಲಿ ಬ್ರೊಡೂರ್ ಗೋಲಿನಲ್ಲಿದ್ದಾಗ ಅಮೆರಿಕದ ಎದುರು 5-3ರಿಂದ ಸೋತರು. ಅಲ್ಲಿಂದ ಲುವಾಂಗೊನನ್ನು ನಿಲ್ಲಿಸಿ ಚಿನ್ನ ತಂದರು.

ಶೂಟೌಟ್‌ಗೂ ಒಂದು ಹೆಸರು ಬಗಲಲ್ಲಿ ಇಡಿ. 1998ರ ನಾಗಾನೊ ಸೆಮಿಫೈನಲ್‌ನಲ್ಲಿ ಚೆಕ್ ಗೋಲಿ ಹಾಶೆಕ್ ಕೆನಡಾದ ಐದೂ ಶೂಟರ್‌ಗಳನ್ನು ತಡೆದ. ಆ ಐವರಲ್ಲಿ ಡಿಫೆನ್ಸ್‌ನ ಬೋರ್ಕ್ ಇದ್ದ, ಗ್ರೆಟ್ಸ್‌ಕಿ ಬೆಂಚಿನಲ್ಲಿ ಕೂತಿದ್ದ! ಅಂತಾರಾಷ್ಟ್ರೀಯ ನಿಯಮದಲ್ಲಿ ಮೊದಲ ಸುತ್ತು ಮುಗಿದ ಮೇಲೆ ಒಬ್ಬನನ್ನೇ ಮತ್ತೆ ಮತ್ತೆ ಕಳಿಸಬಹುದು. ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ. 2014ರಲ್ಲಿ ಅಮೆರಿಕ ರಷ್ಯಾದ ಎದುರು ಓಶಿಯನ್ನು 6 ಸಲ ಕಳಿಸಿತು, 4 ಒಳಗೆ ಹಾಕಿದ.

ಉಡುಪಿ_ಬ್ಲೇಡ್:
ಪಣಂಬೂರಿನವರು ಜೋಡಿಯ ಮಾತು ಬಿಟ್ಟೇ ಬಿಟ್ರು. ಕಂಬಳದಲ್ಲಿ ಬೇರೆ ಬೇರೆ ಮನೆಯ ಎರಡು ಬಿರುಸಿನ ಕೋಣಗಳನ್ನು ತಂದು ಕಟ್ಟಿದರೆ ಎಂತ ಆಗ್ತದೆ ಅಂತ ನಿಮಗೆಲ್ಲ ಗೊತ್ತುಂಟು. ಒಲಿಂಪಿಕ್ಸ್‌ಗೆ ಮುಂಚೆ ಸಿಗುವ ಪ್ರಾಕ್ಟೀಸ್ ಬೆರಳೆಣಿಕೆಯದ್ದು. ಅದಕ್ಕೇ 2014ರಲ್ಲಿ ತಂಡದ ನಾಯಕ ಕ್ರಾಸ್ಬಿಯ ಕ್ಲಬ್ ಜೊತೆಗಾರ ಕುನಿಟ್ಸ್‌ಗೆ ಜಾಗ ಸಿಕ್ಕಿತು, ಮಾರ್ಟಿನ್ ಸೇಂಟ್ ಲೂಯಿಗೆ ಮೊದಲು ಸಿಗಲಿಲ್ಲ. ಬೈದವರು ತುಂಬಾ. ಸ್ಟ್ಯಾಮ್ಕೋಸ್ ಕಾಲು ಗುಣವಾಗದೆ ಹಿಂದೆ ಸರಿದ ಮೇಲೆಯೇ ಸೇಂಟ್ ಲೂಯಿ ಒಳಗೆ ಬಂದದ್ದು. ಸ್ವೀಡನ್ ಎದುರಿನ 3-0 ಫೈನಲ್‌ನಲ್ಲಿ ಮೂರನೇ ಗೋಲು ಅದೇ ಕುನಿಟ್ಸ್‌ನದ್ದು. ಪೆರಿ-ಗೆಟ್ಸ್‌ಲಾಫ್ ಅನಾಹೈಮ್‌ನ ಜೋಡಿ, ಬೌಮೀಸ್ಟರ್-ಪಿಯೆಟ್ರಾಂಜೆಲೊ ಸೇಂಟ್ ಲೂಯಿಸ್ ಊರಿನ ಕ್ಲಬ್ಬಿನ ಜೋಡಿ. ನಿಮ್ಮ ಪಟ್ಟಿಯಲ್ಲೂ ಇಂಥ ಎರಡು ಮೂರು ಸಿದ್ಧ ಜೋಡಿ ಇರಲಿ. ಆದರೆ ಜೋಡಿಗಾಗಿ ಓಡಲಿಕ್ಕೆ ಆಗದವನನ್ನು ತರಬೇಡಿ, ಕ್ರಾಸ್ಬಿಗೆ ಯಾರ ಜೊತೆಯೂ ಆಡ್ಲಿಕ್ಕೆ ಬರ್ತದೆ. ಈ ವಿಷಯದಲ್ಲಿ ನಾನು ಬೈದವರ ಕಡೆಗೇ.

ರಿಂಕಿನ ಅಗಲವನ್ನೂ ನೋಡಿ. ಎನ್‌ಎಚ್‌ಎಲ್ ರಿಂಕ್ ಸುಮಾರು 61×26 ಮೀಟರ್. ಸೋಚಿಯದ್ದು 60×30. ಆ 4 ಮೀಟರಿನಲ್ಲಿ ಡಿಫೆನ್ಸ್‌ನವನು ಬದಿಗೆ ಓಡುವ ದೂರ ಹೆಚ್ಚಾಗ್ತದೆ. ದೊಡ್ಡ ಮೈ, ನಿಧಾನ ಕಾಲಿನವನು ಅಲ್ಲಿ ಸಿಕ್ಕಿಬೀಳ್ತಾನೆ. ವ್ಯಾಂಕೂವರ್‌ನಲ್ಲಿ ಎನ್‌ಎಚ್‌ಎಲ್ ಅಳತೆಯೇ ಇತ್ತು. 2026ರ ಮಿಲಾನ್‌ನಲ್ಲೂ 26 ಮೀಟರ್ ಅಗಲ, ಹಾಗಾಗಿ ಬೋರ್ಡಿನ ಹತ್ತಿರ ಮೈಕೊಟ್ಟು ಆಡುವವರಿಗೆ ಬೆಲೆ ಉಂಟು. ಎಕ್ಸ್‌ಟ್ರಾ ಟೈಮಿನಲ್ಲಿ ಈಗ ಮೂವರ ಎದುರು ಮೂವರು. ಅಲ್ಲಿ ಪಕ್ ಬಿಡದೆ ಇಟ್ಟುಕೊಂಡು ಸುತ್ತುವ ಡಿಫೆನ್ಸ್ ಆಟಗಾರ ಒಬ್ಬನಾದರೂ ಬೇಕು.

ಬಿಜೈ_ಬೆಂಚ್:
ಅಬ್ಬಾ! ಹಾಗಾದರೆ ಬರೆಯಲಿಕ್ಕೆ ಶುರು ಮಾಡುವುದು ಎಲ್ಲಿಂದ? ಇನ್ನೊಂದು: ಗುಂಪಿನ ಒಬ್ಬರ ಅಳಿಯ ಟೊರಾಂಟೊದಲ್ಲಿ ಹುಟ್ಟಿದವ, ಅಲ್ಲಿ ಜೂನಿಯರ್ ಹಾಕಿ ಆಡ್ತಾನೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಉಂಟು. ಭಾರತಕ್ಕೆ ಆಡಬಹುದಾ?

ಪಣಂಬೂರು_ಪಕ್:
ಮೊದಲು ಯಾರೂ ಜಗಳ ಮಾಡದ 6 ಹೆಸರು ಬರೆದುಬಿಡಿ. 2025ರ ಫೋರ್ ನೇಷನ್ಸ್ ಟೂರ್ನಿಗೆ ನಾಲ್ಕೂ ದೇಶದವರು ಅದನ್ನೇ ಮಾಡಿದ್ದು: 2024ರ ಜೂನ್‌ನಲ್ಲಿ ಆರಾರು ಹೆಸರು, ಉಳಿದದ್ದು ಡಿಸೆಂಬರಿನಲ್ಲಿ. ಆಮೇಲೆ ಪವರ್ ಪ್ಲೇಯ ಐವರು, ಕಿಲ್ಲಿನ ಐದು ಫಾರ್ವರ್ಡ್, ಡಿಫೆನ್ಸ್ 4 ಎಡ 4 ಬಲ. ಎರಡು ಕೆಲಸಕ್ಕೆ ಒಂದೇ ಹೆಸರು ಬಂದರೆ ನಿಮಗೇ ಲಾಭ, ಒಂದು ಜಾಗ ಉಳಿಯಿತು. ಕೊನೆಗೆ ಉಳಿದ ಒಂದೆರಡು ಜಾಗಕ್ಕೆ ಪಾಯಿಂಟ್ ಪಟ್ಟಿ ತೆಗೆಯಿರಿ. ಪ್ರತಿ ಜಾಗಕ್ಕೂ ಬದಲಿ ಹೆಸರು ಪಕ್ಕದಲ್ಲೇ ಬರೆಯಿರಿ, ಸೆಂಟರಿಗೆ ಸೆಂಟರ್, ಬಲ ಡಿಫೆನ್ಸಿಗೆ ಬಲ ಡಿಫೆನ್ಸ್. ಪಂಥಕ್ಕೂ ಒಲಿಂಪಿಕ್ಸ್‌ನ ಹಾಗೆ, ಮೊದಲ ಪಂದ್ಯದ ಮೊದಲೇ ಬದಲಾವಣೆ ನಿಲ್ಲಿಸಿ.

ಉಡುಪಿ_ಬ್ಲೇಡ್:
ಓಸಿಐ ಕಾರ್ಡ್ ಪೌರತ್ವ ಅಲ್ಲ. ಭಾರತ ತಂಡಕ್ಕೆ ಭಾರತದ ಪಾಸ್‌ಪೋರ್ಟೇ ಬೇಕು, 2008ರಿಂದ ಸರ್ಕಾರದ ನೀತಿ ಹಾಗೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲವಾದ್ದರಿಂದ ಅವನು ಕೆನಡಾದ್ದನ್ನು ಬಿಡಬೇಕಾಗ್ತದೆ. ಬಿಟ್ಟು ಬಂದರೂ ಕೂಡಲೇ ಆಡ್ಲಿಕ್ಕಿಲ್ಲ, ಹೊಸ ದೇಶದ ದೇಶೀಯ ಟೂರ್ನಿಗಳಲ್ಲಿ ಆಡಿದ ದಾಖಲೆಯನ್ನು ಅಂತಾರಾಷ್ಟ್ರೀಯ ಫೆಡರೇಷನ್ ಕೇಳ್ತದೆ. ನಮ್ಮ ತಂಡದಲ್ಲಿ ಹೆಚ್ಚಿನವರು ಲಡಾಖಿನವರು. 2025ರಲ್ಲಿ ಯುಎಇಯ ಅಲ್ ಐನ್‌ನ ಏಷ್ಯಾ ಕಪ್‌ನಲ್ಲಿ ಕಂಚು ತಂದ ಮಹಿಳಾ ತಂಡವೂ ಹಾಗೆಯೇ.